ಗದ್ದಲ, ರುಚಿಗೆ ತಕ್ಕಷ್ಟು

ಗದ್ದಲ ದುಡ್ಡು ಕೊಟ್ಟು ತರಬೇಕಾದ ಪದಾರ್ಥ ಅಂದರೆ ನಮ್ಮ ಹನುಮಂತನಗರದಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ ಅದು ಹಾಲಿನವನಿಗಿಂತ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತದೆ. ಆದರೂ ನಾನು ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲನ್ನು ಮಾಡ್ಯುಲರ್ ಸಿಂಥಸೈಜರ್ ಎಂಬ ವಸ್ತುವಿಗೆ ಸುರಿದೆ. ಸರ್ವಿಸಿನಲ್ಲಿದ್ದಷ್ಟು ಕಾಲವೂ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಲೈನಿನೊಳಗಿನ ಗೊರಗೊರ ಸದ್ದನ್ನು ತಗ್ಗಿಸುವುದು. ಅದನ್ನು ಒಂದೆರಡು ಡೆಸಿಬಲ್ ಇಳಿಸಿದ್ದಕ್ಕೆ ಬಡ್ತಿಯೂ ಸಿಕ್ಕಿತ್ತು. ಈಗ ಅದೇ ಸದ್ದನ್ನು ಹೊರಡಿಸುವುದೇ ಕಸುಬಾಗಿರುವ ಪಟ್ಟಿಯೊಂದನ್ನು ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡು ಬಂದಿದ್ದೇನೆ. "ರೀ, ಪೆನ್ಷನ್ ಕೊಡೋರ ಕಿವಿಗೆ ಇದು ಬಿದ್ದರೆ ಆ ಬಡ್ತೀನ ವಾಪಸ್ ಕೇಳ್ತಾರೆ" ಎಂಬುದು ನನ್ನ ಹೆಂಡತಿಯ ಕಾನೂನು ಸಲಹೆ.

ಈ ಸಿಂಥಸೈಜರಿಗೆ ಹಾರ್ಮೋನಿಯಮ್ಮಿನ ಹಾಗೆ ಮನೆಗಳಿಲ್ಲ, ತಂತಿಯಿದ್ದರೂ ಮೀಟುವಂಥದ್ದಲ್ಲ. ಒಂದು ಚೌಕಟ್ಟು, ಅದರ ತುಂಬ ಸಾಲಾಗಿ ತಿರುಪುಹಾಕಿ ಕೂರಿಸಿದ ಅಲ್ಯುಮಿನಿಯಂ ಪಟ್ಟಿಗಳು, ಪಟ್ಟಿಯ ತುಂಬ ನಾಬುಗಳು, ತೂತುಗಳು. ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಚುಚ್ಚುತ್ತ ಹೋಗಬೇಕು. ಪಟ್ಟಿಗಳ ಅಳತೆಯನ್ನು ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ನಡುವೆ ಗೊತ್ತುಮಾಡಿದರು. ಎತ್ತರ 128.5 ಮಿಲಿಮೀಟರ್, ಅಗಲಕ್ಕೆ 5.08 ಮಿಲಿಮೀಟರಿನ ಲೆಕ್ಕ. ಹೀಗಾಗಿ ಯಾವ ದೇಶದವರು ಮಾಡಿದ ಪಟ್ಟಿಯೂ ಯಾವ ಪೆಟ್ಟಿಗೆಯಲ್ಲಾದರೂ ಕೂರುತ್ತದೆ. ಕೂರುತ್ತದೆ ಎಂಬ ಕಾರಣಕ್ಕೇ ಕೊಳ್ಳುವುದು ನಿಲ್ಲುವುದಿಲ್ಲ. ಅದು ಬೇರೆ ವಿಷಯ, ಹೆಂಡತಿಯ ಎದುರು ಚರ್ಚಿಸುವಂಥದ್ದಲ್ಲ.

ಗದ್ದಲ ಹುಟ್ಟುವ ಬಗೆ ನನಗೆ ವೈಯಕ್ತಿಕವಾಗಿ ನೋವಿನ ಸಂಗತಿ. ಒಂದು ಟ್ರಾನ್ಸಿಸ್ಟರನ್ನು ಉಲ್ಟಾ ಜೋಡಿಸಿ, ಅದು ತಡೆಯಲಾರದಷ್ಟು ವೋಲ್ಟೇಜ್ ಕೊಟ್ಟರೆ ಒಳಗೆ ಎಲೆಕ್ಟ್ರಾನುಗಳ ನೂಕುನುಗ್ಗಲು ಶುರುವಾಗುತ್ತದೆ. ಅದನ್ನು ಹಿಗ್ಗಿಸಿದರೆ ಸೊರ್ರ್ ಎಂಬ ಸದ್ದು. ಹಾಗೆ ಉಲ್ಟಾ ಜೋಡಿಸಿದವರಿಗೆ ನಾವು ಮೆಮೊ ಕೊಡುತ್ತಿದ್ದೆವು. ಈ ಪಟ್ಟಿ ಮಾಡುವವರು ಅದಕ್ಕೆ ಬಣ್ಣದ ಹೆಸರಿಟ್ಟು ಮಾರುತ್ತಾರೆ. ಎಲ್ಲ ಆವರ್ತನಗಳೂ ಒಂದೇ ಬಲದಲ್ಲಿದ್ದರೆ ಬಿಳಿ ಗದ್ದಲ. ಒಂದೊಂದು ಸ್ಥಾಯಿ ಮೇಲೆ ಹೋದಂತೆ 3 ಡೆಸಿಬಲ್ ಇಳಿಯುತ್ತ ಬಂದರೆ ಗುಲಾಬಿ ಗದ್ದಲ, ಕಿವಿಗೆ ಜೋರು ಮಳೆ ಬಂದಷ್ಟು ಹಿತ.

ನಿಜವಾದ ಆಟ ಈ ಗದ್ದಲವನ್ನು ಕೇಳುವುದರಲ್ಲಿಲ್ಲ, ಅದರ ಕೈಗೆ ಯಜಮಾನಿಕೆ ಕೊಡುವುದರಲ್ಲಿದೆ. ಸ್ಯಾಂಪಲ್ ಅಂಡ್ ಹೋಲ್ಡ್ ಅಂತ ಒಂದು ಪಟ್ಟಿಯಿದೆ. ಗಡಿಯಾರ ಟಿಕ್ ಎಂದ ಗಳಿಗೆಯಲ್ಲಿ ಗದ್ದಲದ ವೋಲ್ಟೇಜ್ ಎಷ್ಟಿತ್ತೋ ಅಷ್ಟನ್ನು ಗಪ್ಪನೆ ಹಿಡಿದು, ಮುಂದಿನ ಟಿಕ್ಕಿನವರೆಗೆ ಬಿಡದೆ ಕೂರುವುದು ಅದರ ಕೆಲಸ. ಆ ವೋಲ್ಟೇಜನ್ನು ಸ್ವರ ಹೊರಡಿಸುವ ಆಸಿಲೇಟರಿಗೆ ಕೊಡಬೇಕು. ಅಲ್ಲಿ 1 ವೋಲ್ಟ್ ಅಂದರೆ ಒಂದು ಸ್ಥಾಯಿ. ಟಿಕ್ ಟಿಕ್ಕಿಗೂ ಪೂಂಕ್, ಕಿಚ್, ಟೊಂಯ್, ಬುಡ್ ಎಂದು ಯಾರೂ ಊಹಿಸಲಾರದ ಸ್ವರಗಳು ಹೊರಬೀಳುತ್ತವೆ. ಮೊದಲ ಸಲ ಕೇಳಿದಾಗ ರೋಮಾಂಚನವಾಯಿತು. ಐದು ನಿಮಿಷ ಕಳೆದ ಮೇಲೆ ಆಕಳಿಕೆ ಬಂತು. ಪ್ರತಿಸಲವೂ ಹೊಸದೇ ಬರುತ್ತದೆ ಎಂದು ಗೊತ್ತಾದ ಮೇಲೆ ಹೊಸದಕ್ಕೆ ಬೆಲೆಯೇನು? ಅಚ್ಚರಿಯಾಗಬೇಕಾದರೆ ಮೊದಲು ಏನನ್ನಾದರೂ ನಿರೀಕ್ಷಿಸಿರಬೇಕು. ನಿರೀಕ್ಷೆಗೆ ಎಡೆಯೇ ಇಲ್ಲದ ಕಡೆ ಬೆಚ್ಚಿಬೀಳುವುದು ಹೇಗೆ?

ಈ ವಿದ್ಯೆಯ ಹಿರಿಯರಿಗೆ ಇದು ಆಗಲೇ ಹೊಳೆದಿತ್ತು. ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ 1960ರ ದಶಕದಲ್ಲಿ ಇಂಥ ಪೆಟ್ಟಿಗೆ ಕಟ್ಟಿದಾಗ ಅದಕ್ಕೆ ಪಿಯಾನೊ ಮನೆಗಳನ್ನು ಜೋಡಿಸಲು ಒಪ್ಪಲಿಲ್ಲ. ಮುಂದಿನ ದಶಕದಲ್ಲಿ 'ಅನಿಶ್ಚಯದ ಮೂಲ' ಎಂದೇ ಒಂದು ಪಟ್ಟಿಗೆ ಹೆಸರಿಟ್ಟರು. ಅದರ ಮೇಲೆ ಎಷ್ಟು ಅನಿಶ್ಚಯ ಬೇಕು ಎನ್ನುವುದಕ್ಕೇ ನಾಬುಗಳು! ನನ್ನ ಹತ್ತಿರ ಇರುವುದು ಲಂಡನ್ನಿನ ಟಾಮ್ ವಿಟ್‌ವೆಲ್ 2012ರಲ್ಲಿ ಹೊರತಂದ ಟ್ಯೂರಿಂಗ್ ಮಷೀನ್. ಅದರೊಳಗೆ ಸೊನ್ನೆ-ಒಂದುಗಳ 16 ಮನೆ ಸಾಲು. ಟಿಕ್ ಅಂದಾಗಲೆಲ್ಲ ಸಾಲು ಒಂದು ಹೆಜ್ಜೆ ಸರಿಯುತ್ತದೆ, ಕೊನೆಯದು ತಿರುಗಿ ತಲೆಗೆ ಬರುತ್ತದೆ. ಬರುವಾಗ ಹಾಗೇ ಬರಬೇಕೋ, ಸೊನ್ನೆಯಿದ್ದದ್ದು ಒಂದಾಗಿ ಬರಬೇಕೋ ಎನ್ನುವುದನ್ನು ನಡುವಿನ ದೊಡ್ಡ ನಾಬು ತೀರ್ಮಾನಿಸುತ್ತದೆ. ಬಲಕ್ಕೆ ಪೂರ್ತಿ ತಿರುಗಿಸಿದರೆ ಬೀಗ. ಅದೇ ಸ್ವರಗಳು ಸುತ್ತುತ್ತವೆ. ನಡುವೆ ಇಟ್ಟರೆ ಪೂರಾ ಚೌಚೌ. ಬೀಗದಿಂದ ಕೂದಲೆಳೆಯಷ್ಟು ಹಿಂದೆ ತಂದಿಟ್ಟರೆ ಅಜ್ಜಿ ಹೇಳುವ ಕಥೆ ಶುರು: ದಿನವೂ ಅದೇ ರಾಜ, ಅದೇ ರಾಕ್ಷಸ; ಒಂದು ದಿನ ಏಳು ಸಮುದ್ರಗಳು ಎಂಟಾಗಿರುತ್ತವೆ, ಅಲ್ಲಿಂದ ಮುಂದೆ ಎಂಟೇ ಖಾಯಂ.

ಈ ಕೂದಲೆಳೆಯ ಜಾಗವನ್ನು ಮೊದಲು ಗುರುತಿಸಿದ್ದು ನಾನಲ್ಲ, ಅಮ್ಮ. ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ಸರಳೆ, ಜಂಟಿ ಹೇಳಿಕೊಟ್ಟವಳು. ಎಲೆಕ್ಟ್ರಾನಿಕ್ಸ್ ಅಂದರೆ ಅವಳಿಗೆ ಮೈಲಿಗೆಯೇನಲ್ಲ. ಬೆಂಗಳೂರಿನವರೇ ಆದ ರಾಜ್ ನಾರಾಯಣ್ ಅವರ ರಾಡೆಲ್ ತಂಬೂರಿ ಅವಳ ಹಾಸಿಗೆಯ ಪಕ್ಕದಲ್ಲೇ ಇದೆ. ಆದರೆ ಅದರ ಏಕೈಕ ಸದ್ಗುಣ, ಎಂದೂ ಬದಲಾಗದಿರುವುದು. ನನ್ನ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಸಿಕೊಂಡು ಕೂತಳು. ಕಿವಿ ಮೆಷಿನ್ನನ್ನು ಸರಿಮಾಡಿಕೊಂಡಳು. ನಾನು ಸುತ್ತನ್ನು 8ಕ್ಕೆ ಇಟ್ಟಿದ್ದೆ. ನೋಡನೋಡುತ್ತಿದ್ದಂತೆ ಅವಳ ಬಲಗೈ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ನಾಲ್ಕಾರು ಆವರ್ತ ಆಗಿರಬಹುದು, ಒಂದು ಸ್ವರ ಹೊರಳಿತು.

"ತಾಳ ಸರಿಯಾಗೇ ಇದೆ ಕಣೋ. ಸ್ವರ ಮರೀತಾ ಇದೆ. ಯಾರ ಹತ್ರ ಪಾಠ ಆಗಿದೆ ಇದಕ್ಕೆ?"

"ಮರೆಯೋದಲ್ಲಮ್ಮ, ಮನೋಧರ್ಮ."

"ಮನಸ್ಸೇ ಇಲ್ಲದ್ದಕ್ಕೆ ಎಲ್ಲಿಯ ಮನೋಧರ್ಮ? ಇರಲಿ, ಮಿಶ್ರ ಛಾಪು ಬರುತ್ತಾ?"

ಬರುವುದಿಲ್ಲ. ಆ ಪಟ್ಟಿಯಲ್ಲಿ ಸುತ್ತಿನ ಉದ್ದ 2, 3, 4, 5, 6, 8, 12, 16, ಮಿಶ್ರ ಛಾಪಿನ ಏಳಕ್ಕೆ ಜಾಗವಿಲ್ಲ. ಅಮ್ಮನ ಮುಖ ನೋಡಿ ಲಂಡನ್ನಿನ ಮಾನ ಕಾಪಾಡಬೇಕು ಅನ್ನಿಸಿತು. ಕ್ವಾಂಟೈಸರ್ ಎಂಬ ಇನ್ನೊಂದು ಪಟ್ಟಿ ಜೋಡಿಸಿದೆ. ಅದು ಅಂಡಲೆಯುವ ಸ್ವರಗಳನ್ನೆಲ್ಲ ಹಿಡಿದು ನಾವು ಹೇಳಿದ ಮೆಟ್ಟಿಲುಗಳ ಮೇಲೆ ಮಾತ್ರ ನಿಲ್ಲಿಸುತ್ತದೆ. ಸ ರಿ ಗ ಪ ದ ಐದನ್ನು ಆರಿಸಿದೆ. ಪೆಟ್ಟಿಗೆ ತಟ್ಟನೆ ಮುದ್ದುಮುದ್ದಾಯಿತು. ಆ ಐದರಲ್ಲಿ ಕಣ್ಣು ಮುಚ್ಚಿ ಯಾವುದನ್ನು ಮುಟ್ಟಿದರೂ ಯಾವುದಕ್ಕೂ ಜಗಳವಿಲ್ಲ. "ಮೋಹನ ರಾಗ, ಕೇಳು" ಅಂದೆ. "ಇದು ಮೋಹನ ಅಲ್ಲ, ಮೋಹನದ ಸ್ವರಗಳು" ಅಂದಳು. ಜಾರುಸ್ವರ ಬರಲಿ ಅಂತ ವೋಲ್ಟೇಜ್ ನಿಧಾನಿಸುವ ಪಟ್ಟಿಯನ್ನೂ ನಡುವೆ ಸೇರಿಸಿದೆ. ಎಲ್ಲ ಸ್ವರಗಳೂ ಒಂದೇ ಸಮ ಜಾರತೊಡಗಿದವು. ಯಾವುದಕ್ಕೆ ಗಮಕ ಬೇಕು, ಯಾವುದು ಗಟ್ಟಿಯಾಗಿ ನಿಲ್ಲಬೇಕು ಎಂಬುದು ಮೆಷಿನ್ನಿಗೆ ಯಾರು ಹೇಳಬೇಕು? "ಮೊದಲಿನ ಅಪಸ್ವರವೇ ಚೆನ್ನಾಗಿತ್ತು, ಅದನ್ನೇ ಹಾಕು" ಎಂದು ಅಮ್ಮ ತೀರ್ಪು ಕೊಟ್ಟಳು. ಎರಡೂ ಪಟ್ಟಿಗಳ ವೈರು ಕಿತ್ತೆ. ಈಗಲೂ ನನ್ನ ನಿಲುವು ಅದೇ. ಗದ್ದಲಕ್ಕೆ ಸ್ನಾನ ಮಾಡಿಸಿ ವಿಭೂತಿ ಹಚ್ಚುವ ಬದಲು ಗದ್ದಲವಾಗಿಯೇ ಇರಲು ಬಿಟ್ಟು, ಎಷ್ಟು ಸಾಕು ಎಂಬುದನ್ನು ಮಾತ್ರ ನಾವಿಟ್ಟುಕೊಳ್ಳುವುದು ಲೇಸು.

ಅವಳ ಉತ್ಸಾಹ ನೋಡಿ ಗೀತಾ ಸಾರಾಭಾಯಿ ಅವರ ಕಥೆ ಹೇಳಿದೆ. ಅಹಮದಾಬಾದಿನ ಆ ಹೆಣ್ಣುಮಗಳು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಹತ್ತಿರ ಅಲ್ಲಿಯ ಸಂಗೀತ ಕಲಿತರು. ಫೀಸಿನ ಬದಲು ಆತನಿಗೆ ನಮ್ಮ ಸಂಗೀತ ಹೇಳಿಕೊಟ್ಟರು. ಸಂಗೀತ ಇರುವುದು ಮನಸ್ಸನ್ನು ಶಾಂತಗೊಳಿಸಲಿಕ್ಕೆ ಎಂದು ತಮ್ಮ ಗುರುಗಳು ಹೇಳಿದ್ದನ್ನೂ ತಿಳಿಸಿದರು. ಕೇಜ್ ಅದನ್ನು ಜೀವಮಾನವಿಡೀ ನೆನೆದ. 1951ರಲ್ಲಿ ನಾಣ್ಯ ಚಿಮ್ಮಿ, ಬಿದ್ದದ್ದನ್ನೇ ಸ್ವರವೆಂದು ಬರೆದುಕೊಂಡ. ಮರುವರ್ಷ ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡು ಏನನ್ನೂ ನುಡಿಸದಿರುವ ಕೃತಿ ರಚಿಸಿದ. ಎರಡನ್ನೂ ವೇದಿಕೆಯ ಮೇಲೆ ಪಿಯಾನೊ ಮುಂದೆ ಕೂತು ನಡೆಸಿಕೊಟ್ಟವನು ಡೇವಿಡ್ ಟ್ಯೂಡರ್. ಇದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನಿಗೆ ಬಂದು, ಗೀತಾ ಅವರ ಒತ್ತಾಸೆಯಿಂದ ಮೂಗ್ ಮಾಡ್ಯುಲರ್ ಸಿಂಥಸೈಜರನ್ನು ಅಲ್ಲಿ ಸ್ಥಾಪಿಸಿದ. ನಮ್ಮವರು ಅದರ ಮೇಲೆ 1972ರ ತನಕ ಗುಂಯ್‌ಗುಟ್ಟಿದ್ದೆಲ್ಲ ಟೇಪಿನಲ್ಲಿ ಉಳಿಯಿತು.

ಅಮ್ಮ ಎಲ್ಲವನ್ನೂ ಕೇಳಿ, "ಆಯಮ್ಮ ಪಾಠ ಸರಿಯಾಗೇ ಹೇಳಿದ್ದಾರೆ. ಶಿಷ್ಯ ಎರಡನೇ ದಿನ ಚಕ್ಕರ್ ಹೊಡೆದಿರಬೇಕು" ಅಂದಳು.

ಆ ಟೇಪುಗಳು ದಶಕಗಟ್ಟಲೆ ದಾಸ್ತಾನಿನಲ್ಲಿ ಮಲಗಿದ್ದವು. ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದ ಅವನ್ನು ಹುಡುಕಿ ತೆಗೆದದ್ದರಿಂದ 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಟೇಪು ಇಲ್ಲದಿದ್ದರೆ ಅದೆಲ್ಲ ಗಾಳಿಗೆ ಹೋಗುತ್ತಿತ್ತು, ಏಕೆಂದರೆ ಈ ಯಂತ್ರಕ್ಕೆ ನೆನಪಿಲ್ಲ. ವೈರು ಕಿತ್ತರೆ ರಚನೆ ಮುಗಿಯಿತು. ನಾನು ವೈರುಗಳ ಫೋಟೊ ತೆಗೆದಿಟ್ಟುಕೊಂಡು, ಮರುದಿನ ಹಾಗೇ ಚುಚ್ಚಿ, ನಾಬುಗಳನ್ನೂ ಗೆರೆಗೆ ಗೆರೆ ಕೂರಿಸಿ ನೋಡಿದ್ದೇನೆ. ನಿನ್ನೆಯದರ ದಾಯಾದಿ ಸಿಗುತ್ತದೆ, ನಿನ್ನೆಯದು ಸಿಗುವುದಿಲ್ಲ.

ಅದಕ್ಕೇ ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡುವುದು ರೂಢಿಯಾಯಿತು. ಒಂದು ಸಂಜೆಯ ರೆಕಾರ್ಡಿಂಗನ್ನು ಇದೇ ಹುಚ್ಚಿನ ಕೆಲವು ಹುಡುಗರಿಗೆ ಕಳಿಸಿದೆ. ಅವರಲ್ಲೊಬ್ಬ ರಾತ್ರಿಯೇ ಫೋನ್ ಮಾಡಿದ. "ಸರ್, ಉಳಿದದ್ದು ಪರವಾಗಿಲ್ಲ. ಆದರೆ ಮಧ್ಯೆ ಮಧ್ಯೆ ಮೇಲಿನಿಂದ ಸಣ್ಣಗೆ ಕುಯ್ಯ್ ಅಂತ ಬಂದು ಬಾಗಿ ಹೋಗುತ್ತಲ್ಲ, ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇಲ್ಲ. ಅದು ಯಾವ ಮಾಡ್ಯೂಲು? ಎಷ್ಟಾಯ್ತು?"

ಮತ್ತೆ ಹಾಕಿ ಕೇಳಿದೆ. ಅಮ್ಮ ಪೆಟ್ಟಿಗೆಯ ಹತ್ತಿರ ಬಗ್ಗಿ, ಕಿವಿಯ ಹಿಂದೆ ಅಂಗೈ ಗುಂಡಿ ಮಾಡಿ ಆಲಿಸಿದಾಗಲೆಲ್ಲ ಆ ಸದ್ದು. ಕಿವಿ ಮೆಷಿನ್ನಿನ ಸ್ಪೀಕರಿನದ್ದು ಅದರ ಮೈಕಿಗೇ ವಾಪಸ್ ನುಗ್ಗಿ ಸುತ್ತುಹಾಕಿಕೊಂಡು ಸಿಳ್ಳೆ ಹೊಡೆಯುತ್ತಿತ್ತು. ರಿಪೇರಿಗೆ ಕೊಡಬೇಕೆಂದು ಹೆಂಡತಿ ಅದನ್ನು ಆಗಲೇ ಡಬ್ಬಿಯಲ್ಲಿಟ್ಟು, ಮರೆಯದಿರಲೆಂದು ಸ್ಕೂಟರಿನ ಕೀಲಿಯ ಪಕ್ಕದಲ್ಲಿ ಇರಿಸಿದ್ದಳು. ಅಮ್ಮನಿಗೆ ವಿಷಯ ಹೇಳಿದೆ. ಮೆಷಿನ್ನಿಲ್ಲದ ಕಿವಿಗೆ ಎರಡು ಸಲ ಕೂಗಿ ಹೇಳಬೇಕಾಯಿತು.

"ಆ ಹುಡುಗ ಯಾರು, ಕರ್ಕೊಂಡು ಬಾ" ಅಂದಳು. "ಅವನಿಗೆ ಕಿವಿ ಇದೆ. ಪಾಠ ಶುರು ಮಾಡೋಣ. ಮೆಷಿನ್ನು ಅಲ್ಲೀವರೆಗೂ ಹಾಗೇ ಇರಲಿ, ರಿಪೇರಿಗೀಪೇರಿ ಅಂತ ಕೊಟ್ಟು ಕೆಡಿಸಬೇಡಿ."