ಸಡಿಲ

ಬೇಳೆ ತೊಳೆದು ಕುಕ್ಕರಿಗೆ ಹಾಕಿ ಮುಚ್ಚಳ ಹಿಡಿದರೆ ಹಿಡಿ ಕೈಯಲ್ಲೇ ಗಡಗಡ ಅಂತು. ನಮ್ಮ ಮನೆಯಲ್ಲೂ ಸ್ಕ್ರೂಡ್ರೈವರ್ ಇದೆ, ಬೇಕಾದಾಗ ಮಾತ್ರ ಸಿಗುವುದಿಲ್ಲ. ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಮೇಷ್ಟ್ರೇ, ಕುಕ್ಕರ್ ಹಿಡಿ ಸಡಿಲ ಆಗಿದೆ, ನಿಮ್ಮ ಸ್ಕ್ರೂಡ್ರೈವರ್ ಸ್ವಲ್ಪ ಕೊಡ್ತೀರಾ?" ಅಂದೆ. ಅಲ್ಲೇ ಎಡವಿದ್ದು. ಲೂಸಾಗಿದೆ ಅಂದಿದ್ದರೆ ಎರಡು ನಿಮಿಷದಲ್ಲಿ ಒಳಗೆ ಬಂದಿರುತ್ತಿದ್ದೆ. ಸಡಿಲ ಅಂದೆನಲ್ಲ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರ ಕಿವಿ ನೆಟ್ಟಗಾಯಿತು.

"ಶಿಥಿಲದ ತದ್ಭವ ತಾಯಿ ಅದು," ಅಂತ ಶುರುಮಾಡಿದರು, ಗುಲಾಬಿ ಬುಡ ಕೆದಕುತ್ತಿದ್ದ ಕುಡುಗೋಲು ಪಕ್ಕಕ್ಕಿಟ್ಟು.

ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಾತು ಅಂತ ನನಗೆ ಹೊಳೆದೇ ಇರಲಿಲ್ಲ. ಪೇಪರಿನಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಯಾವತ್ತೂ ಶಿಥಿಲ, ಹಳೇ ಸೇತುವೆ ಶಿಥಿಲ. ಆದರೆ ಗಂಟು ಸಡಿಲ, ಹಗ್ಗ ಸಡಿಲ, ರವಿಕೆಯ ತೋಳು ಸಡಿಲ. ಕಟ್ಟಡ ಸಡಿಲವಾಗಿದೆ ಅಂತಾಗಲೀ, ರವಿಕೆ ಶಿಥಿಲವಾಗಿದೆ ಅಂತಾಗಲೀ ಯಾರೂ ಹೇಳುವುದಿಲ್ಲ (ಎರಡನೆಯದನ್ನು ಹೇಳಬೇಕಾದ ರವಿಕೆಗಳು ನನ್ನ ಬೀರುವಿನಲ್ಲಿವೆ, ಅದು ಬೇರೆ ಮಾತು). ಮತ್ತೆ ಬಿಗಿ ಮಾಡಬಹುದು ಅನ್ನುವ ಆಸೆ ಇರುವ ತನಕ ಸಡಿಲ. ಆಸೆ ಬಿಟ್ಟ ಮೇಲೆ ಶಿಥಿಲ.

ಮೇಷ್ಟ್ರು ಅಷ್ಟಕ್ಕೆ ಬಿಡುವವರೇ? ಹದಿಮೂರನೇ ಶತಮಾನದ ಕೇಶಿರಾಜನನ್ನೂ ಅವನ 'ಶಬ್ದಮಣಿದರ್ಪಣ'ವನ್ನೂ ಕಾಂಪೌಂಡಿನ ಮೇಲೆ ತಂದು ಕೂರಿಸಿದರು. "ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಬಾಯಿಪಾಠ ಮಾಡಿದ್ದೀರಲ್ಲ? ಈಗ 'ಅಮರ್ದು' ಅನ್ನಿ. ಒತ್ತಬೇಡಿ, ತೇಲಿಸಿ. ಹಾಂ! 'ಮ' ಲಘುವಾಗೇ ಉಳೀತು ನೋಡಿ. ಇದು ಶಿಥಿಲದ್ವಿತ್ವ." ಕುಕ್ಕರ್ ಮುಚ್ಚಳ ಹಿಡಿದುಕೊಂಡು ನಾನು ಮೂರು ಸಲ ಅಮರ್ದು, ಅಮರ್ದು ಅಂದೆ. ಎದುರುಮನೆಯ ಹುಡುಗ ಬೈಕ್ ಒರೆಸುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಅವನ ಲೆಕ್ಕದಲ್ಲಿ ಇಬ್ಬರೂ ಲೂಸು. ಅದೂ ಸರಿಯೇ ಅನ್ನಿ, ತಲೆ ಕೆಟ್ಟವನನ್ನು ಯಾರೂ 'ಅವನು ಸ್ವಲ್ಪ ಸಡಿಲ' ಅನ್ನುವುದಿಲ್ಲ. 2007ರ 'ದುನಿಯಾ' ಸಿನಿಮಾದ ಪಾತ್ರದಿಂದ ನಟ ಯೋಗೀಶನಿಗೆ ಅಂಟಿಕೊಂಡ ಹೆಸರು ಲೂಸ್ ಮಾದ. ಸಡಿಲ ಮಾದ ಅಂದಿದ್ದರೆ ಪಂಚೆ ಜಾರುತ್ತಿರುವವನು ಅಂದುಕೊಳ್ಳುತ್ತಿದ್ದರು.

"ಸಡಿಲ ಮಾಡೋದು ಅಂದ್ರೆ ಬಲ ತೆಗೆಯೋದು ತಾನೇ ಮೇಷ್ಟ್ರೇ?" ಅಂದೆ, ಮಾತು ಮುಗಿಸುವ ಆಸೆಯಿಂದ. ಅವರು ಗುಲಾಬಿ ಬುಡ ತೋರಿಸಿದರು. ಮಣ್ಣು ಸಡಿಲ ಮಾಡದಿದ್ದರೆ ಬೇರಿಗೆ ಗಾಳಿಯಿಲ್ಲ, ಹೊಲದಲ್ಲಿ ಸಾಲಿನ ಮಧ್ಯೆ ಕುಂಟೆ ಹೊಡೆಯುವುದೂ ಅದಕ್ಕೇ. ನಿಜ. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗಲೂ ನಾವು ಆಡಿದ್ದು ಮಳೆಗೆ ಮಣ್ಣು ಸಡಿಲವಾಗಿತ್ತು ಅನ್ನುವ ಇದೇ ಮಾತು. ಇದನ್ನು ಹೇಳಿದ ಮೇಲೆ ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದೆವು.

ಸರ್ಕಾರದವರ 'ಸಡಿಲಿಕೆ'ಯೇ ಬೇರೆ ಜಾತಿ. ನೇಮಕಾತಿ ಪ್ರಕಟಣೆಯಲ್ಲಿ ವಯೋಮಿತಿ ಸಡಿಲಿಕೆ ಅಂದರೆ ಮನೆಯಲ್ಲಿ ಹಬ್ಬ. 2020ರ ಲಾಕ್‌ಡೌನಿನಲ್ಲಿ ಮೇ 4ಕ್ಕೆ ಮದ್ಯದಂಗಡಿ ತೆರೆದಾಗ ಆ ಪದ ಗೊತ್ತಿಲ್ಲದವರಿಗೂ ಅರ್ಥ ಗೊತ್ತಾಯಿತು, ಸಾಲು ನೋಡಿಯೇ. ಅದೇ ವರ್ಷ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಅದನ್ನೂ ನಮ್ಮ ಬೀದಿಯಲ್ಲಿ ಸಡಿಲಿಕೆ ಅಂದರು. ಕಿತ್ತು ಬಿಸಾಕಿದ್ದಕ್ಕೆ ಸಡಿಲ ಅನ್ನುವುದು ನನಗಂತೂ ಸರಿಕಾಣುವುದಿಲ್ಲ. ಓಲೆಯ ತಿರುಪು ಸಡಿಲವಾಗುವುದು ಬೇರೆ, ತಿರುಪೇ ಇಲ್ಲದಿರುವುದು ಬೇರೆ. ತಂಗಿಯ ಮದುವೆಯ ಛತ್ರದಲ್ಲಿ ನನ್ನ ಎಡಗಿವಿ ಆ ವ್ಯತ್ಯಾಸ ಕಲಿತಿದೆ. ಊಟದೆಲೆ ಎತ್ತುವಾಗ ಕಿವಿ ಮುಟ್ಟಿಕೊಂಡರೆ ಓಲೆ ಇಲ್ಲ. ಬೆಳಗ್ಗೆ "ಸ್ವಲ್ಪ ಸಡಿಲ ಇದೆ ಕಣೇ" ಅಂತ ಅಮ್ಮ ಹೇಳಿದ್ದಳು, ನಾನು "ಇರಲಿ ಬಿಡು" ಅಂದಿದ್ದೆ.

ಕೊನೆಗೂ ಮೇಷ್ಟ್ರು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದರು. ನನಗೆ ಕೊಡಲಿಲ್ಲ. ಮುಚ್ಚಳ ತಾವೇ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ ತಿರುಗಿಸಿದರು. ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಸ್ಕ್ರೂ ಸುತ್ತುತ್ತದೆ, ಹಿಡಿಯುವುದಿಲ್ಲ. ಥ್ರೆಡ್ಡು ಪೂರ್ತಿ ಸವೆದುಹೋಗಿತ್ತು.

"ಇದು ಸಡಿಲ ಅಲ್ಲ ತಾಯಿ," ಅಂತ ಮುಚ್ಚಳ ವಾಪಸು ಕೊಟ್ಟರು. "ಶಿಥಿಲ."

ಬೇಳೆಯನ್ನು ಪಾತ್ರೆಗೆ ಸುರಿದು ಬೇಯಲಿಟ್ಟೆ. ಆವತ್ತು ಊಟ ಎರಡೂವರೆಗೆ.