ಡೊಂಬಿವಲಿ ಪರಿಪ್ರೇಕ್ಷ್ಯದಲ್ಲಿ ಉಪಗ್ರಹ ಪಥದರ್ಶನದ ನಿಖರತೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಉತ್ತರಕ್ಕೆ ಕಲ್ಯಾಣದ ದುರ್ಗಾಡಿ ಸೇತುವೆ, ದಕ್ಷಿಣಕ್ಕೆ ಬೇಲಾಪುರದ ಖಾರಿ, ಪಶ್ಚಿಮಕ್ಕೆ ಥಾಣೆಯ ಘೋಡ್‌ಬಂದರ್ ರಸ್ತೆ; ಪೂರ್ವಕ್ಕೆ ಟ್ರಾಫಿಕ್ ಬಿಟ್ಟಷ್ಟು. ದೀಪ ಬೆಳಗಿಸಿ, ಶಾಲು ಹೊದಿಸಿ, ಊಟದ ಹೊತ್ತು ಮೀರಿದರೂ ಓದುತ್ತಲೇ ಇರುವ ವಿಚಾರ ಸಂಕಿರಣಗಳ ವಿಧಾನವನ್ನೇ ಇಲ್ಲಿ ಅನುಸರಿಸಲಾಗಿದೆ.

ಪೂರ್ವಪೀಠಿಕೆ. ಸ್ಥಾನಪ್ರಜ್ಞೆಯು ನಭೋಮೂಲವಾದದ್ದು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕರ ಸಂಕೇತವಾದರೂ ಸಿಕ್ಕರೆ ಪಥಿಕನ ಅಸ್ತಿತ್ವ ಸಿದ್ಧಿಸುತ್ತದೆ. ಆ ಉಪಗ್ರಹಗಳ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನನ ಲೆಕ್ಕ ಹಿಡಿದು ಅದನ್ನೂ ತಿದ್ದಿದ್ದಾರೆ. ಸಂಕೇತದಲ್ಲಿ ತಾನೇ ಬೇಕೆಂದು ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಈಗ ಬಯಲಲ್ಲಿ ನಿಂತವನನ್ನು ಅವನ ಮೊಬೈಲು ಐದು ಮೀಟರಿನ ಆಚೀಚೆಗೆ ಹಿಡಿದುಕೊಡುತ್ತದೆ. ಡೊಂಬಿವಲಿಯಲ್ಲಿ ಬಯಲೆಲ್ಲಿದೆ ಎಂಬ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಹೊರತು.

ದೋಷಮೀಮಾಂಸೆ. ದೋಷಗಳು ಏಳು ಬಗೆ.

ಒಂದು, ಪ್ರತಿಫಲನಜನ್ಯ ದೋಷ. ಘೋಡ್‌ಬಂದರ್ ರಸ್ತೆಯ ಟವರುಗಳ ಗೋಡೆಗೆ ಬಡಿದು ಸಂಕೇತ ತಡವಾಗಿ ಬರುತ್ತದೆ. ಕಾರು ರಸ್ತೆಯಲ್ಲೇ ಇರುತ್ತದೆ. ನೀಲಿ ಚುಕ್ಕೆ ಯಾವುದೋ ಸೊಸೈಟಿಯ ಈಜುಕೊಳದಲ್ಲಿ ತೇಲುತ್ತದೆ.

ಎರಡು, ನಾಮೈಕ್ಯ ದೋಷ. ಮಾನ್‌ಪಾಡಾ ಥಾಣೆಯಲ್ಲೂ ಇದೆ, ಡೊಂಬಿವಲಿಯಲ್ಲೂ ಇದೆ; ನಡುವೆ ನೀರಿದೆ, ಪಾರ್ಸಿಕ್ ಗುಡ್ಡವಿದೆ. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ನವಿಮುಂಬಯಿಯ ಪ್ರತಿ ಬಡಾವಣೆಗೂ ಒಂದರಿಂದಲೇ ಎಣಿಕೆ ಶುರುಮಾಡಿತು. ಹಾಗಾಗಿ ವಾಶಿಗೊಂದು ಸೆಕ್ಟರ್ 10, ನೆರೂಳಿಗೊಂದು, ಐರೋಳಿಗೆ ಮತ್ತೊಂದು. ಅದ್ವೈತಿಗಳಿಗೆ ಸಂತೋಷದ ಸಂಗತಿ. ಆರುವ ಮಸಾಲೆದೋಸೆ ಹಿಡಿದು ಅಲೆಯುವ ಡೆಲಿವರಿ ಹುಡುಗನಿಗಲ್ಲ.

ಮೂರು, ಕಾಲಸಾಪೇಕ್ಷ ದೋಷ. ರಸ್ತೆ ನಕ್ಷೆಯಲ್ಲಿದೆ, ನೆಲದಲ್ಲಿಲ್ಲ. ಕಲ್ಯಾಣ್-ಶಿಳ್ ರಸ್ತೆಯಲ್ಲಿ ಫೋನಿನೊಳಗಿನ ಹೆಣ್ಣುದನಿ ‘ಎಡಕ್ಕೆ ತಿರುಗಿ’ ಎನ್ನುತ್ತದೆ. ಎಡಕ್ಕೆ ಮೆಟ್ರೋ ಕೆಲಸದ ತಗಡು, ತಗಡಿನ ಸಂದಿಯಲ್ಲಿ ಕೆಸರುನೀರು ತುಂಬಿದ ಗುಂಡಿ, ಗುಂಡಿಯ ದಡದಲ್ಲಿ ತಣ್ಣಗೆ ನಿಂತ ಜೆಸಿಬಿ. ಪಕ್ಕದ ರಿಕ್ಷಾದವನು ಕತ್ತು ಹೊರಹಾಕಿ, ‘ಸಾಹೇಬ್, ರಸ್ತಾ ಬಂದ್ ಆಹೆ’ ಎಂದ. ಅವನು ಯಾವ ಉಪಗ್ರಹವನ್ನೂ ಕೇಳಿರಲಿಲ್ಲ.

ನಾಲ್ಕು, ಐದು, ಆರಕ್ಕೆ ಭರ್ಜರಿ ಹೆಸರುಗಳಿವೆ, ಒಳಗೆ ಹೂರಣವಿಲ್ಲ; ಬಿಡೋಣ. ಏಳನೆಯದಕ್ಕೆ ಹೆಸರಿಡಲು ಮನಸ್ಸಾಗುವುದಿಲ್ಲ.

2025ರ ಜುಲೈ. ನಡುರಾತ್ರಿ ಕಳೆದಿತ್ತು. ಮಹಿಳೆಯೊಬ್ಬರು ಬೇಲಾಪುರದಿಂದ ಉಲ್ವೆ ಕಡೆಗೆ ಕಾರಿನಲ್ಲಿ ಹೊರಟಿದ್ದರು. ಹೋಗಬೇಕಾದದ್ದು ಸೇತುವೆಯ ಮೇಲೆ. ಫೋನಿನ ನಕ್ಷೆ ನಂಬಿ ಹಿಡಿದದ್ದು ಸೇತುವೆಯ ಕೆಳಗಿನ ದಾರಿ. ಅದು ಧ್ರುವತಾರಾ ಜೆಟ್ಟಿಯಲ್ಲಿ ಮುಗಿಯುತ್ತದೆ. ಕಾರು ಖಾರಿಗೆ ಬಿತ್ತು. ಅಲ್ಲಿದ್ದ ಕರಾವಳಿ ಕಾವಲಿನ ಪೊಲೀಸರು ಆಕೆಯನ್ನು ಎತ್ತಿ ಉಳಿಸಿದರು. ಜಿಪಿಎಸ್ ಎತ್ತರ ಅಳೆಯುವುದರಲ್ಲಿ ಮೊದಲಿನಿಂದಲೂ ಮಂಕು. ಒಂದರ ಮೇಲೊಂದು ರಸ್ತೆಯಿದ್ದರೆ ತಬ್ಬಿಬ್ಬಾಗುತ್ತದೆ, ಒಪ್ಪಿದೆ. ಆದರೆ ನೀರಿನಲ್ಲಿ ಮುಗಿಯುವ ರಸ್ತೆಯ ತುದಿಯಲ್ಲಿ ಏನೇ ಇದ್ದಿರಲಿ, ಅದು ಒಂದು ಕಾರನ್ನು ತಡೆಯಲಿಲ್ಲವಲ್ಲ! ಅದಕ್ಕೆ ಎಂಟು ತಿಂಗಳ ಹಿಂದೆ ಉತ್ತರಪ್ರದೇಶದ ಬರೇಲಿ ಹತ್ತಿರ, ನೆರೆಗೆ ಒಂದು ತುದಿ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೂ ಕೇಸಾಯಿತು.

ಉಪಗ್ರಹದವರು ತಮ್ಮ ಐದು ಮೀಟರಿನ ತಪ್ಪನ್ನು ತಾವೇ ಬರೆದು ಲೋಕಕ್ಕೆ ಸಾರಿದ್ದಾರೆ. ರಸ್ತೆ ಅಗೆದು ಹಾಗೇ ಬಿಟ್ಟುಹೋದವರು ತಮ್ಮದನ್ನು ಎಲ್ಲಿ ಬರೆದಿಟ್ಟಿದ್ದಾರೆ? ನಮ್ಮ ನಾಕಾಗಳಲ್ಲಿ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲದ ಕಂಬವಿಲ್ಲ, ಮಳೆಗಾಲದಲ್ಲೂ ರಾತ್ರೋರಾತ್ರಿ ಏರಿಸುತ್ತಾರೆ. ‘ಮುಂದೆ ರಸ್ತೆ ಇಲ್ಲ’ ಎಂಬ ಬೋರ್ಡಿಗೆ ಮಾತ್ರ ಟೆಂಡರು ಕರೆಯಬೇಕಂತೆ.