ಬಣವಿ ಮುಂದೆ ಕೂತ ಬುದ್ಧಿವಂತ

ಫ್ರಾನ್ಸಿನ ಕ್ಲಾದ್ ಮೊನೆ 1890-91ರಲ್ಲಿ ಮನೆ ಪಕ್ಕದ ಹೊಲದ ಬಣವಿಗಳನ್ನೇ ಹಿಡಿದು ಸುಮಾರು 25 ಚಿತ್ರ ಬಿಡಿಸಿದ. ಬೆಳಗಿಗೊಂದು, ಮಂಜಿಗೊಂದು, ಸಂಜೆಗೊಂದು. ಅದರಲ್ಲೊಂದು 2019ರ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಮಿಕ್ಕಿ ಹೋಯಿತು. ಈ ಬೆಲೆ ಓದಿದ ರಾತ್ರಿ ವಿಜಯಪುರದ ಎರಡನೇ ಮಹಡಿಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಬಣವಿಗೆ ನಮ್ಮ ಜಿಲ್ಲೆಯಲ್ಲೇನು ಬರವೇ?

ಮಾರ್ಚ್ ತಿಂಗಳ ಒಂದು ರವಿವಾರ ಮಗಳ ಬಣ್ಣದ ಡಬ್ಬಿ ಕದ್ದು ಅಥಣಿ ರಸ್ತೆ ಹಿಡಿದೆ. ತಿಕೋಟಾ ಹತ್ತಿರ ಬಿಳಿಜೋಳದ ಕಣಕಿ ಬಣವಿಯೊಂದು ಸಿಕ್ಕಿತು. ಬದುವಿನ ಮೇಲೆ ಕೂತೆ. ಹತ್ತು ಗಂಟೆಗೆ ಮೂರನೇ ಹಾಳೆ. ಮೊನೆ ಮಾಡಿದಂತೆ ನೆರಳಿಗೆ ನೇರಳೆ ಬಳಿದೆ.

ಹೊಲದ ಯಜಮಾನರು ಬಂದರು. ಅವರ ಕಣ್ಣು ನೆಟ್ಟಿದ್ದು ನನ್ನ ಕಿಸೆಯ ಮೇಲೆ. "ಬೀಡಿ, ಕಡ್ಡಿಪೆಟ್ಟಿಗಿ ಏನರ ಐತೇನ್ರಿ?" ಗುರುತಿಲ್ಲದವನು ಬಣವಿ ಹತ್ತಿರ ಮೂರು ತಾಸು ಕೂತರೆ ಕೇಳದೆ ಬಿಡುತ್ತಾರೆಯೇ? ಕಿಸೆ ಝಾಡಿಸಿದೆ. ರಬ್ಬರು, ಸ್ಕೂಟರಿನ ಕೀಲಿ, ಅಸಿಡಿಟಿ ಗುಳಿಗೆ.

ಆಮೇಲೆ ಮೊಬೈಲಿನಲ್ಲಿ ಮೊನೆಯನ್ನು ತೋರಿಸಿ, ಬೆಳಕಿನಲ್ಲಿ ಹುಲ್ಲು ಕರಗುವ ಬಗ್ಗೆ ಭಾಷಣ ಬಿಗಿದೆ. ಕಾಕಾ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದರು.

"ಹುಲ್ಲಲ್ರೀ ಸರ. ಬರೇ ಹುಲ್ಲಿಗೆ ಇಷ್ಟು ಚಂದ ಟೊಪಗಿ ಯಾರ ಕಟ್ತಾರ? ಒಳಗ ತೆನಿ ಐತಿ. ಇನ್ನಾ ರಾಶಿ ಆಗಿಲ್ಲ."

ಆ ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದರೆ, ಹೌದು! ಒಕ್ಕುವ ಯಂತ್ರದ ಪಾಳಿ ಬರುವ ತನಕ ಮಳೆ ತಾಗದಂತೆ ಒಟ್ಟಿದ ಗೋಧಿ ಸಿವುಡು ಅದು. ನಾನು ಇಪ್ಪತ್ತು ವರ್ಷ ಹುಲ್ಲನ್ನೇ ಹೊಗಳಿದ್ದೆ.

ಅದಕ್ಕೂ ಮೊದಲು, ನಾನಿನ್ನೂ ಹೊಲದಲ್ಲಿರುವಾಗಲೇ, ಮಧ್ಯಾಹ್ನ ಬಬಲೇಶ್ವರದಿಂದ ಟ್ರ್ಯಾಕ್ಟರ್ ಬಂತು. ಕಣಕಿ ಮಾರಿಯಾಗಿತ್ತು. ಆಳುಗಳು ಬಣವಿ ಹತ್ತಿ ಕೀಳತೊಡಗಿದರು. ನನ್ನ ಸಂಜೆ ಬೆಳಕು ಇನ್ನೂ ಬಾಕಿ! 1891ರಲ್ಲಿ ಎಪ್ತ್ ಹೊಳೆ ದಂಡೆಯ ಪಾಪ್ಲರ್ ಮರಗಳು ಹರಾಜಿಗೆ ಬಂದಾಗ, ಚಿತ್ರ ಮುಗಿಯುವ ತನಕ ಕಡಿಯಬೇಡ ಎಂದು ಮೊನೆ ಮರದ ವ್ಯಾಪಾರಿಗೆ ರೊಕ್ಕ ಕೊಟ್ಟಿದ್ದನಲ್ಲ? ನಾನೂ ಐನೂರರ ನೋಟು ತೆಗೆದೆ.

"ಸಂಜಿತನಕ ಬಿಡ್ರಿ ಕಾಕಾ."

"ಬಾಡಗಿ ಟ್ರ್ಯಾಕ್ಟರ್ ರೀ, ತಾಸಿನ ಲೆಕ್ಕ. ನೋಟು ಒಳಗಿಡ್ರಿ. ಖಾಲಿ ಕುಂತೀರಿ, ಒಂದು ಕೈ ಹಚ್ರಿ."

ಹಚ್ಚಿದೆ. ಸಂಜೆ ಹೊನ್ನಿನ ಬೆಳಕು ಬೀಳುವ ಹೊತ್ತಿಗೆ, ಚಿತ್ರ ಬಿಡಿಸಬೇಕಿದ್ದ ಬಣವಿಯನ್ನು ನಾನೇ ಟ್ರೇಲರಿಗೆ ಹೇರಿ ಮುಗಿಸಿದ್ದೆ. ಅಂಗಿಯೊಳಗೆಲ್ಲ ರವದಿ.

ಕೆರೆದುಕೊಳ್ಳುತ್ತಲೇ ಮಗಳ ಮುಂದೆ ಮೂರು ಹಾಳೆ ಹರಡಿದೆ. ಕೊನೆಯದನ್ನು ಎತ್ತಿ ಬಹಳ ಹೊತ್ತು ನೋಡಿದಳು.

"ಗೋಳಗುಮ್ಮಟಕ್ಕ ಯಾಕ ನ್ಯಾರಳಿ ಬಣ್ಣ ಹಚ್ಚೀ ಅಪ್ಪಾ?"